ಸೆಮಿ-ಹಾಲೋ ಗಿಟಾರಿನ ಒಳವೈರಿಂಗ್: ಪಿಕಪ್‌ಗಿಂತ ಮೊದಲು ಬದಲಿಸಬೇಕಾದ್ದು

ಚಿಕ್ಕಮಗಳೂರು, ಸಕಲೇಶಪುರದ ಕಡೆ ಮಳೆಗಾಲದಲ್ಲಿ ಒಗೆದ ಬಟ್ಟೆಯೇ ದಿನಗಟ್ಟಲೆ ಒಣಗುವುದಿಲ್ಲ. ಆ ತೇವ ಸೆಮಿ-ಹಾಲೋ, ಅಂದರೆ ಒಡಲು ಅರೆಟೊಳ್ಳಾದ ಎಲೆಕ್ಟ್ರಿಕ್ ಗಿಟಾರಿನ ಎಫ್-ಹೋಲ್ (ಮೇಲ್ಮೈಯ ‘f’ ಆಕಾರದ ತೆರಪು) ಮೂಲಕ ನೇರ ಒಳಗಿಳಿಯುತ್ತದೆ. ಜ್ಯಾಕ್, ಸ್ವಿಚ್ಚುಗಳ ಲೋಹ ಕಪ್ಪಾಗುತ್ತದೆ, ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತದೆ, ನಾದ ಮಂಕಾಗುತ್ತದೆ. ಆಗ ಬಹಳ ಜನ ದುಬಾರಿ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಭಾಗ) ಹುಡುಕಲು ಹೊರಡುತ್ತಾರೆ. ಮೊದಲು ಬದಲಿಸಬೇಕಾದ್ದು ಅದರ ಹಿಂದಿನ ನಾಲ್ಕು ಪಾಟ್ (ವಾಲ್ಯೂಮ್, ಟೋನ್ ಗುಬ್ಬಿಗಳ ಕೆಳಗಿನ ತಿರುಗುವ ರೆಸಿಸ್ಟರ್), ಎರಡು ಕೆಪಾಸಿಟರ್, ಸ್ವಿಚ್ ಮತ್ತು ಜ್ಯಾಕ್.

ಹಂಬಕರ್ (ಹಮ್ ತಗ್ಗಿಸುವ ಜೋಡಿ ಸುರುಳಿಯ) ಪಿಕಪ್ಪಿನಲ್ಲಿ ಅಯಸ್ಕಾಂತದ ಜೊತೆ ಸಾವಿರಾರು ಸುತ್ತಿನ ತಾಮ್ರದ ಸುರುಳಿಗಳಿರುತ್ತವೆ. ಅದರ ಇಂಡಕ್ಟನ್ಸ್ ಸುಮಾರು 4ರಿಂದ 5 ಹೆನ್ರಿ. ಕೇಬಲ್ಲಿನ ಕೆಪಾಸಿಟನ್ಸ್ 500 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ ಎರಡೂ ಸೇರಿ 3,300 ಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸುತ್ತವೆ, ಅಂದರೆ ಆ ಆವರ್ತನವನ್ನು ಎತ್ತಿ ಕೊಡುತ್ತವೆ. ನಾದದ ಹೊಳಪು ಇರುವುದೇ ಅಲ್ಲಿ. ಆ ಅನುರಣನ ಎಷ್ಟು ಎದ್ದು ಕಾಣಬೇಕೆಂದು ತೀರ್ಮಾನಿಸುವುದು ಪಾಟ್‌ಗಳು. ವಾಲ್ಯೂಮ್, ಟೋನ್ ಎರಡೂ 500 ಕಿಲೋ ಓಮ್ ಆದರೆ ಪಿಕಪ್ಪಿನ ಮೇಲೆ ಬೀಳುವ ಹೊರೆ 250 ಕಿಲೋ ಓಮ್. ಎರಡೂ 250ರವಾದರೆ ಹೊರೆ 125ಕ್ಕೆ ಇಳಿದು ಹೊಳಪು ಸತ್ತೇಹೋಗುತ್ತದೆ. ಪಾಟ್‌ಗಳ ಅಳತೆಯಲ್ಲಿ ಶೇ. 20ರಷ್ಟು ಹೆಚ್ಚುಕಮ್ಮಿ ಸಾಮಾನ್ಯವಾದ್ದರಿಂದ ಮಲ್ಟಿಮೀಟರ್ ಹಿಡಿದೇ ಆರಿಸಬೇಕು. ಹೆಚ್ಚು ಓಮ್ ತೋರಿಸಿದವು ಕುತ್ತಿಗೆಯ ಕಡೆಯ ಪಿಕಪ್ಪಿಗಿರಲಿ, ಗುಂಯ್ ಎನ್ನುವುದು ಅದೇ ಹೆಚ್ಚು.

ಟೋನ್ ತಗ್ಗಿಸಿದಾಗ ಹೊಳಪು ಕತ್ತರಿಸುವ ಕೆಪಾಸಿಟರ್ 0.022 ಮೈಕ್ರೋಫ್ಯಾರಡ್‌ನ ಸಾಧಾರಣ ಫಿಲ್ಮ್ ಜಾತಿಯದು ಸಾಕು. ಹಳೇ ಕಾಲದ ಎಣ್ಣೆ-ಕಾಗದದ ಕೆಪಾಸಿಟರ್‌ಗೆ ಸಾವಿರಗಟ್ಟಲೆ ಸುರಿಯುವುದು ವ್ಯರ್ಥ. ಆ ಹಣ ಒಳ್ಳೆಯ ಜ್ಯಾಕಿಗೆ ಹಾಕಿ. ಟೋನ್ ವೈರನ್ನು ವಾಲ್ಯೂಮ್ ಪಾಟಿನ ಮಧ್ಯದ ಕಾಲಿಗೆ, ಅಂದರೆ ಹೊರಹೋಗುವ ಕಡೆಗೆ ಜೋಡಿಸಿದರೆ ಸದ್ದು ತಗ್ಗಿಸಿದಾಗಲೂ ಹೊಳಪು ಅಷ್ಟಾಗಿ ಕರಗುವುದಿಲ್ಲ.

ಕೊಳ್ಳುವ ಮೊದಲು ಎಫ್-ಹೋಲಿನ ಅಗಲ ಅಳೆಯಿರಿ. 24 ಮಿ.ಮೀ. ದೊಡ್ಡ ಪಾಟ್ ತೂರದಿದ್ದರೆ 16 ಮಿ.ಮೀ. ಚಿಕ್ಕದೇ ಗತಿ. ಹಾಸನದ ರೇಡಿಯೋ ರಿಪೇರಿ ಅಂಗಡಿಗಳಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ, ‘ಎ500ಕೆ’ (ಕಿವಿಗೆ ಹೊಂದುವಂತೆ ಏರಿಳಿಯುವ ‘ಎ’ ಜಾತಿಯ 500 ಕಿಲೋ ಓಮ್) ಎಂದೇ ಕೇಳಿ. ‘ಬಿ’ ಜಾತಿಯದರಲ್ಲಿ ಸದ್ದು ಕಿವಿಗೆ ಹಂತಹಂತವಾಗಿ ಇಳಿಯುವುದಿಲ್ಲ, ಕೊನೆಯ ಸ್ವಲ್ಪ ತಿರುವಿನಲ್ಲೇ ದಿಢೀರನೆ ಕುಸಿಯುತ್ತದೆ. ಅಮೆರಿಕನ್ ಪಾಟಿನ ನಟ್ ಕೂರುವ ಕುತ್ತಿಗೆಗೆ 9.5 ಮಿ.ಮೀ. ತೂತು ಬೇಕು, ಏಷ್ಯಾದ ಗಿಟಾರುಗಳಲ್ಲಿ ಹಲವಕ್ಕೆ 7–8 ಮಿ.ಮೀ. ಮಾತ್ರ ಇರುತ್ತದೆ. ಡ್ರಿಲ್ ಹಾಕಿದರೆ ಪ್ಲೈಯೂ ಪಾಲಿಶ್ಶೂ ಎದ್ದುಬರುತ್ತವೆ. ಕೈ ರೀಮರಿನಿಂದ ನಿಧಾನ ಹಿಗ್ಗಿಸಿ.

ವೈರಿಂಗನ್ನು ಗಿಟಾರಿನ ಹೊರಗೇ ಕಟ್ಟಬೇಕು. ತೂತುಗಳ ಸ್ಥಾನವನ್ನು ಕಾಗದದಲ್ಲಿ ಗುರುತಿಸಿ ರಟ್ಟಿಗೆ ಇಳಿಸಿ, ಪಾಟ್‌ಗಳನ್ನು ರಟ್ಟಿನ ಹಿಂಬದಿಯಿಂದ ತೂರಿಸಿ. ಮುಂದಿನಿಂದ ತೂರಿಸಿದರೆ ಎಡಬಲ ಅದಲುಬದಲಾಗುತ್ತದೆ. ಟೊಳ್ಳು ಒಡಲಿಗೆ ತಾಮ್ರದ ಹಾಳೆ ಹೊದಿಸಲಾಗದು. ಹಾಗಾಗಿ ಪ್ರತಿ ಸಿಗ್ನಲ್ ವೈರೂ ಲೋಹದ ಹೆಣಿಗೆಯಿರುವ ಶೀಲ್ಡೆಡ್ ವೈರೇ ಆಗಿರಬೇಕು, ಇಲ್ಲವಾದರೆ 50 ಹರ್ಟ್ಸ್‌ನ ಹಮ್ ಒಳನುಗ್ಗುತ್ತದೆ. ಪಾಟಿನ ಬೆನ್ನನ್ನು ಉಪ್ಪುಕಾಗದದಿಂದ ಉಜ್ಜಿ, 60 ವ್ಯಾಟ್ ಐರನ್ನಿನಲ್ಲಿ ಎರಡು-ಮೂರು ಸೆಕೆಂಡಿನಲ್ಲಿ ಬೆಸುಗೆ ಮುಗಿಸಿ. 25 ವ್ಯಾಟಿನದು ಬೆನ್ನಿನ ಲೋಹಕ್ಕೆ ಸಾಲದು. ಹೊತ್ತು ಹಿಡಿದಷ್ಟೂ ಒಳಗಿನ ಇಂಗಾಲದ ಪಟ್ಟಿ ಸುಡುತ್ತದೆ. ಹೆಣಿಗೆ ಪಾಟಿನ ಕಾಲಿಗೆ ತಗುಲಿದರೆ ಸದ್ದೇ ಬರುವುದಿಲ್ಲ, ಆದ್ದರಿಂದ ಹೀಟ್-ಶ್ರಿಂಕ್ ಕೊಳವೆ ತೊಡಿಸಿ. ಪಿಕಪ್ ವೈರನ್ನೂ ತಂತಿಗಳಿಗೆ ಹೋಗುವ ಗ್ರೌಂಡ್ ವೈರನ್ನೂ ಎಫ್-ಹೋಲಿನಿಂದ ಹೊರಗೆಳೆದು ಇಲ್ಲೇ ಸೇರಿಸಬೇಕು.

ಒಳಗಿಳಿಸುವ ಮುಂಚೆ ಜ್ಯಾಕಿಗೆ ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಏರಿಸಿ ಅಳೆಯಿರಿ. ಒಂದೊಂದೇ ಪಿಕಪ್ಪಿಗೆ ಸುಮಾರು 8 ಕಿಲೋ ಓಮ್, ಸ್ವಿಚ್ ಮಧ್ಯದಲ್ಲಿದ್ದರೆ (ಎರಡೂ ಪಿಕಪ್ ಒಟ್ಟಿಗೆ) ಸುಮಾರು 4. ಮಧ್ಯದಲ್ಲಿ ಮಾತ್ರ ನಾದ ಮೂಗಿನಿಂದ ಬಂದಂತೆ ತೆಳುವಾದರೆ ಪಿಕಪ್‌ಗಳ ಫೇಸ್ (ಸಿಗ್ನಲ್ ಏರಿಳಿಯುವ ದಿಕ್ಕು) ಎದುರುಬದುರಾಗಿದೆ. ಒಂದೇ ವೈರ್ ಮತ್ತು ಹೆಣಿಗೆಯ ಹಳೇ ಬಗೆಯ ಪಿಕಪ್ಪಿನಲ್ಲಿ ಇವೆರಡನ್ನು ಅದಲುಬದಲು ಮಾಡಬೇಡಿ. ಹೊರಕವಚವೇ ಸಿಗ್ನಲ್ ಹೊತ್ತು ಕೈ ತಾಗಿದರೆ ಗದ್ದಲ ಮಾಡುತ್ತದೆ. ಒಂದು ಪಿಕಪ್ಪಿನ ಅಯಸ್ಕಾಂತವನ್ನು ತಿರುಗಿಸಿಡುವುದೇ ಸರಿ.

ಒಳಗಿಳಿಸಲು, ಗಾರೆಯವರು ಮಟ್ಟ ನೋಡುವ ಲೆವೆಲ್ ಪೈಪಿನಲ್ಲಿ 6 ಮಿ.ಮೀ. ಒಳವ್ಯಾಸದ್ದು ಹೇಳಿಮಾಡಿಸಿದ್ದು. ಪಾಟಿನ ತೂತಿನಿಂದ ಇಳಿಸಿ, ಎಫ್-ಹೋಲಿನಿಂದ ಹೊರತೆಗೆದು, ಶಾಫ್ಟಿಗೆ ಬಿಗಿಯಾಗಿ ತೊಡಿಸಿ ಎಳೆಯಿರಿ. ಎಫ್-ಹೋಲಿನಿಂದ ದೂರದ್ದು ಮೊದಲು. ಹಲ್ಲಿರುವ ವಾಷರ್ ಒಳಬದಿಗೆ ಇರಲೇಬೇಕು, ಇಲ್ಲವಾದರೆ ನಟ್ ಬಿಗಿಯುವಾಗ ಪಾಟೇ ಸುತ್ತಿ ಬೆಸುಗೆ ಕೀಳುತ್ತದೆ.

ಕೊನೆಯದು ಅರ್ತಿಂಗ್. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪಿನ (ಆಂಪ್ಲಿಫೈಯರ್) ಲೋಹದ ಒಡಲಿಗೆ ಸೇರಿರುತ್ತವೆ. ಹಳೇ ತೋಟದ ಮನೆಯಲ್ಲಿ ಅರ್ತ್ ಕಡಿದುಹೋಗಿದ್ದು ಆಂಪಿನಲ್ಲೂ ದೋಷವಿದ್ದರೆ ತಂತಿಯಲ್ಲೇ ಕರೆಂಟ್ ಬರುತ್ತದೆ. ಆಂಪ್ ಹಚ್ಚುವ ಸಾಕೆಟ್ಟಿನಲ್ಲಿ ಫೇಸ್-ಅರ್ತ್ ನಡುವೆ 230 ವೋಲ್ಟ್ ಆಸುಪಾಸು ಇದೆಯೇ, ಅರ್ತ್ ಗುಂಡಿಯ ಸಂಪರ್ಕ ಗಟ್ಟಿಯಾಗಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿಯೇ ಪ್ಲಗ್ ಹಾಕಿ.