ಗ್ಲೋ ಎಂಜಿನ್ ಚಾಲೂ ಆಗದಿದ್ದರೆ: ಮೊದಲು ಪ್ಲಗ್ ಬಿಚ್ಚಿ

ಎನ್‌ಸಿಸಿ ಏರ್ ವಿಂಗ್‌ನಲ್ಲಿ ಏರೋಮಾಡೆಲಿಂಗ್ ಕಲಿಯುತ್ತಿರುವವರಿಗೆ, ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೊದಲ ವಿಮಾನ ಕಟ್ಟುತ್ತಿರುವವರಿಗೆ ಈ ಟಿಪ್ಪಣಿ. ಗ್ಲೋ ಎಂಜಿನ್ ಎಂದರೆ ಮಾದರಿ ವಿಮಾನದ ಪುಟ್ಟ ಮೆಥನಾಲ್ ಎಂಜಿನ್. ಇದರಲ್ಲಿ ಕಿಡಿಯಲ್ಲ, ಪ್ಲಗ್‌ನೊಳಗಿನ ಕಾದ ಪ್ಲಾಟಿನಂ ಸುರುಳಿ ಇಂಧನ ಹತ್ತಿಸುತ್ತದೆ. ಚಾಲೂ ಮಾಡುವಾಗ ಮಾತ್ರ ಅದಕ್ಕೆ ಬ್ಯಾಟರಿ ಬೇಕು. ಉದಾಹರಣೆಗೆ 40ರಿಂದ 46 ಸೈಜಿನ, ಅಂದರೆ 6.5ರಿಂದ 7.5 ಸಿಸಿಯ ಟೂ-ಸ್ಟ್ರೋಕ್ ಎಂಜಿನ್ ಹಿಡಿದುಕೊಳ್ಳೋಣ.

ಎಂಜಿನ್ ಹತ್ತಲಿಲ್ಲವೆಂದು ಪ್ರೊಪೆಲ್ಲರ್ ತಿರುಗಿಸುತ್ತಲೇ ಇರುವುದು, ಇಂಧನದ ಪ್ರಮಾಣ ಹೊಂದಿಸುವ ತಿರುಪು, ಅಂದರೆ ನೀಡಲ್ ಅನ್ನು ಅತ್ತ ಇತ್ತ ತಿರುವುವುದು, ಇವೆರಡೂ ಬೇಡ. ಹತ್ತು ಸಲ ತಿರುಗಿಸಿದರೂ ಒಂದು 'ಪಟ್' ಸದ್ದೂ ಬರದಿದ್ದರೆ ಪ್ಲಗ್ ಬಿಚ್ಚಿ. ಅದು ಒದ್ದೆಯೋ, ಒಣಗಿದೆಯೋ? ಬ್ಯಾಟರಿ ಕೊಟ್ಟರೆ ಸುರುಳಿ ಹೇಗೆ ಕೆಂಪಾಗುತ್ತದೆ? ಮುಕ್ಕಾಲು ಉತ್ತರ ಇಲ್ಲೇ ಸಿಗುತ್ತದೆ.

ಒಳ್ಳೆಯ ಪ್ಲಗ್‌ನ ಸುರುಳಿ ಮೊದಲ ಸುತ್ತಿನಿಂದ ಕೊನೆಯ ಸುತ್ತಿನವರೆಗೆ ಒಂದೇ ಸಮ ಕಿತ್ತಳೆ ಬಣ್ಣಕ್ಕೆ ಬರಬೇಕು. ಮಂಕಾಗಿ ಕೆಂಪಾದರೆ ಬ್ಯಾಟರಿ ಸೋತಿದೆ, ಇಲ್ಲವೇ ಕ್ಲಿಪ್ ಸರಿಯಾಗಿ ಕಚ್ಚಿಲ್ಲ. ಪ್ಲಗ್ ಎಳೆಯುವುದು ಸುಮಾರು 3 ಆಂಪಿಯರ್. ಗೋಡೆ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್‌ನಲ್ಲಿ ಮೀಟರ್ 1.5 ವೋಲ್ಟ್ ತೋರಿಸಿದರೂ ಪ್ಲಗ್‌ಗೆ ಕೊಟ್ಟ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. 1.2 ವೋಲ್ಟ್‌ನ ದಪ್ಪ ಸಬ್-ಸಿ ನಿಕಲ್ ಸೆಲ್, ಗಿಡ್ಡನೆಯ ದಪ್ಪ ತಂತಿ ಇದ್ದರೆ ಸಾಕು. ಮೊಬೈಲಿನ 3.7 ವೋಲ್ಟ್ ಲಿಥಿಯಂ ಸೆಲ್ ನೇರವಾಗಿ ಕೊಟ್ಟರೆ ಸುರುಳಿ ಕಣ್ಣೆದುರೇ ಸುಟ್ಟುಹೋಗುತ್ತದೆ.

ಸುರುಳಿ ಚೆನ್ನಾಗಿ ಹೊಳೆಯುತ್ತಿದೆ, ಆದರೆ ಪ್ಲಗ್ ತೊಯ್ದಿದೆ ಎಂದರೆ ಇಂಧನ ಹೆಚ್ಚಾಗಿ ಹೋಗಿದೆ. ನೀಡಲ್ ಪೂರ್ತಿ ಮುಚ್ಚಿ, ಬ್ಯಾಟರಿ ತೆಗೆದಿಟ್ಟು, ಪ್ಲಗ್ ಇಲ್ಲದೆಯೇ ಎಂಜಿನ್ ತಲೆಕೆಳಗೆ ಹಿಡಿದು ಪ್ರೊಪೆಲ್ಲರನ್ನು ಹತ್ತಿಪ್ಪತ್ತು ಸುತ್ತು ತಿರುಗಿಸಿ. ರಂಧ್ರದಿಂದ ಇಂಧನ ಚಿಮ್ಮುತ್ತದೆ, ಮುಖ ದೂರವಿರಲಿ. ಪ್ರೊಪೆಲ್ಲರ್ ಒಂದು ಕಡೆ ಕಲ್ಲಿನಂತೆ ನಿಂತರೆ ಎಲೆಕ್ಟ್ರಿಕ್ ಸ್ಟಾರ್ಟರ್ ಹಚ್ಚಲೇಬೇಡಿ. ಸಿಲಿಂಡರಿನಲ್ಲಿ ದ್ರವ ತುಂಬಿದೆ. ದ್ರವ ಗಾಳಿಯಂತೆ ಒತ್ತಿಕೊಳ್ಳುವುದಿಲ್ಲ, ಬಾಗುವುದು ಕನೆಕ್ಟಿಂಗ್ ರಾಡ್. ಆದರೆ ಹೊಸ ಎಬಿಸಿ ಎಂಜಿನ್ (ಅಲ್ಯೂಮಿನಿಯಂ ಪಿಸ್ಟನ್, ಕ್ರೋಮ್ ಲೇಪಿಸಿದ ಹಿತ್ತಾಳೆ ಲೈನರ್ ಇರುವುದು) ತಣ್ಣಗಿದ್ದಾಗ ಪಿಸ್ಟನ್ ಮೇಲ್ತುದಿಯಲ್ಲಿ ಬಿಗಿಯಾಗಿ ಕಚ್ಚುವುದು ಸಹಜ. ಲೈನರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಕೊಳವೆ, ಮೇಲ್ಗಡೆ ಕಿರಿದಾಗಿರುತ್ತದೆ, ಬಿಸಿಯಾದಾಗ ಸರಿಹೋಗುತ್ತದೆ. ಪ್ಲಗ್ ಬಿಚ್ಚಿದ ಮೇಲೆ ತಿರುಗುವ ಬಗೆಯಲ್ಲೇ ಎರಡರ ವ್ಯತ್ಯಾಸ ತಿಳಿಯುತ್ತದೆ: ದ್ರವವಾದರೆ ಹೊರಗೆ ಚಿಮ್ಮಿ ಬಿಗಿತ ಹೋಗುತ್ತದೆ, ಲೈನರ್ ಆದರೆ ಬಿಗಿತ ಹಾಗೇ ಉಳಿಯುತ್ತದೆ.

ಪ್ಲಗ್ ಒಣಗಿದ್ದರೆ ಇಂಧನ ಬರುತ್ತಿಲ್ಲ. ನೀಡಲ್ ಪೂರ್ತಿ ಮುಚ್ಚಿ, ಎರಡೂವರೆ ಸುತ್ತು ತೆರೆಯಿರಿ (ಕಂಪನಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ). ಥ್ರಾಟಲ್ ಪೂರ್ತಿ ತೆರೆದು, ಕಾರ್ಬೊರೇಟರ್ ಬಾಯಿಗೆ ಬೆರಳಿಟ್ಟು ಪ್ರೊಪೆಲ್ಲರ್ ನಿಧಾನವಾಗಿ ತಿರುಗಿಸಿ, ಕೊಳವೆ ನೋಡುತ್ತಿರಿ. ಇಂಧನ ಕಾರ್ಬೊರೇಟರ್ ಮುಟ್ಟಿದ ಮೇಲೆ ಎರಡೇ ಸುತ್ತು ಸಾಕು. ಈ ಹೊತ್ತಿನಲ್ಲಿ ಪ್ಲಗ್‌ಗೆ ಬ್ಯಾಟರಿ ಇರಕೂಡದು. ಇಂಧನದಲ್ಲಿ ಗುಳ್ಳೆ ಕಂಡರೆ ಸಿಲಿಕೋನ್ ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಿದೆ. ಅಂಥದು ಹೆಚ್ಚಾಗಿ ಹಿತ್ತಾಳೆ ನಳಿಕೆಯ ಅಂಚಿಗೆ ಕೂಡುವಲ್ಲೇ ಆಗುತ್ತದೆ. ಇಂಧನವೇ ಏರದಿದ್ದರೆ ಫಿಲ್ಟರ್, ಟ್ಯಾಂಕಿನೊಳಗಿನ ಕ್ಲಂಕ್ (ಇಂಧನ ಹೀರುವ ಕೊಳವೆಯ ತುದಿಯ ತೂಕ), ಜೊತೆಗೆ ಟ್ಯಾಂಕಿಗೆ ಒತ್ತಡ ಕೊಡುವ ಮಫ್ಲರ್ ಕೊಳವೆ ಮತ್ತು ಇಂಧನ ಕೊಳವೆ ಅದಲುಬದಲಾಗಿವೆಯೇ ನೋಡಿ. ಟ್ಯಾಂಕಿನ ನಡುಗೆರೆ ನೀಡಲ್‌ಗಿಂತ 6ರಿಂದ 10 ಮಿಲಿಮೀಟರ್ ಕೆಳಗಿದ್ದರೆ ಒಳ್ಳೆಯದು. ಟ್ಯಾಂಕ್ ಮೇಲಿದ್ದರೆ ಇಂಧನ ತಾನಾಗಿ ಇಳಿದು ಮತ್ತೆ ಎಂಜಿನ್ ತೊಯ್ಯುತ್ತದೆ.

ಎರಡು ಸೆಕೆಂಡು ಓಡಿ ನಿಂತರೆ ಬೆರಳಿಟ್ಟು ಎಳೆದ ಇಂಧನವಷ್ಟೇ ಉರಿಯಿತು, ಹಿಂದಿನಿಂದ ಬರಲಿಲ್ಲ. ಮತ್ತೆ ಕೊಳವೆಗೇ ಹೋಗಿ. ಬ್ಯಾಟರಿ ಕಿತ್ತ ಕೂಡಲೇ ನಿಂತರೆ ಮಿಶ್ರಣ ತೀರಾ ದಪ್ಪ (ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚು), ಇಲ್ಲವೇ ಪ್ಲಗ್ ಹಳತು. ಬ್ಯಾಟರಿ ತೆಗೆದ ಮೇಲೂ ಸುರುಳಿ ಕೆಂಪಾಗಿಯೇ ಇರಲು ಮೆಥನಾಲ್ ಮತ್ತು ಪ್ಲಾಟಿನಂ ನಡುವಿನ ವೇಗವರ್ಧಕ ಕ್ರಿಯೆಯೂ ಬೇಕು. ಪ್ಲಾಟಿನಂ ಮೇಲೆ ಮಸಿ ಅಥವಾ ಲೋಹದ ಕಣ ಮೆತ್ತಿದರೆ ಆ ಕ್ರಿಯೆ ಕುಂದುತ್ತದೆ, ಬ್ಯಾಟರಿಯಲ್ಲಿ ಮಾತ್ರ ಚೆನ್ನಾಗಿ ಹೊಳೆಯುತ್ತದೆ. ಅದಕ್ಕೇ ಒಂದು ಹೊಸ ಪ್ಲಗ್ ಜೇಬಿನಲ್ಲಿರಲಿ.

ಇನ್ನು ಇಂಧನ. ಮೆಥನಾಲ್ ಗಾಳಿಯ ತೇವ ಹೀರುತ್ತದೆ. ಪೆಟ್ರೋಲಿನಲ್ಲಿ ನೀರು ತಳಕ್ಕೆ ಕೂರುತ್ತದೆ, ಮೆಥನಾಲ್‌ನಲ್ಲಿ ಕರಗಿಬಿಡುತ್ತದೆ. ಜೂನ್‌ನಿಂದ ಬೆಳಗಾವಿಗೆ ಮಳೆ ಹಿಡಿದಾಗ ಮುಚ್ಚಳ ಸಡಿಲಿದ್ದ ಡಬ್ಬಿಯ ಇಂಧನವನ್ನು ನಂಬಬೇಡಿ. ಬೇರೆಲ್ಲ ಸರಿಯಿದ್ದೂ ಹತ್ತದಿದ್ದರೆ ಹೊಸ ಡಬ್ಬಿ ತೆರೆದು ನೋಡಿ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಗಾಳಿ ಸ್ವಲ್ಪ ತೆಳು. ಕರಾವಳಿಯಲ್ಲಿ ಹೊಂದಿಸಿದ ನೀಡಲ್ ಇಲ್ಲಿ ತುಸು ದಪ್ಪ ಮಿಶ್ರಣ ಕೊಡುತ್ತದೆ, ಕೆಲವು ಕ್ಲಿಕ್ ಒಳಗೆ ತಿರುಗಿಸಬೇಕು.

ವರ್ಷಗಟ್ಟಲೆ ಕಪಾಟಿನಲ್ಲಿದ್ದ ಎಂಜಿನ್ ತಿರುಗದಿದ್ದರೆ ಒಳಗೆ ಇಂಧನದಲ್ಲಿದ್ದ ಔಡಲೆಣ್ಣೆ ಅಂಟಾಗಿ ಒಣಗಿರುತ್ತದೆ. ಇಕ್ಕಳ ಹಾಕಿ ಎಳೆಯಬೇಡಿ. ಟ್ಯಾಂಕ್ ಕಳಚಿ, ಇಂಧನವನ್ನೆಲ್ಲ ದೂರವಿಟ್ಟು, ಹೇರ್ ಡ್ರೈಯರ್‌ನಿಂದ ಹತ್ತು ನಿಮಿಷ ಬಿಸಿ ಮಾಡಿದರೆ ಅಂಟು ಮೆತ್ತಗಾಗುತ್ತದೆ. ಆಗ ಪ್ರೊಪೆಲ್ಲರನ್ನು ಕೈಯಲ್ಲೇ ಮೆಲ್ಲಗೆ ಹಿಂದೆ ಮುಂದೆ ಆಡಿಸಿ, ಬಿಟ್ಟುಕೊಂಡ ಮೇಲೆ ನಾಲ್ಕು ಹನಿ ತೆಳು ಎಣ್ಣೆ ಹಾಕಿ.

ಹತ್ತಿಸುವಾಗ ಬರಿ ಬೆರಳು ಬೇಡ, ರಬ್ಬರ್ ಸುತ್ತಿದ ಕೋಲು ಬಳಸಿ. ಮೆಥನಾಲ್ ಜ್ವಾಲೆ ವಿಜಯಪುರ, ಬಾಗಲಕೋಟೆಯ ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಕಾರ್ಬೊರೇಟರ್ ಬಳಿ ಗಾಳಿ ನಡುಗಿದಂತೆ ಕಂಡರೆ ಬೆಂಕಿ ಹತ್ತಿದೆ ಎಂದೇ ತಿಳಿದು ಒದ್ದೆ ಬಟ್ಟೆ ಹಾಕಿ.