ಟೆನರ್ ದನಿ ಒಡೆಯುವ ಜಾಗ

ಭಜನಾ ಮಂಡಳಿಯಲ್ಲಿ ಹಾಡಿ ಬೆಳೆದು, ಈಗ ಇಲ್ಲಿ ಮುಂಬೈಯಲ್ಲಿ ಪಾಶ್ಚಾತ್ಯ ಗುಂಪುಗಾಯನದ ಕಾಯರ್‌ನ ಟೆನರ್ (ಗಂಡಸರ ಎತ್ತರದ ದನಿ) ಸಾಲಿನಲ್ಲಿ ನಿಂತಿರುವ ಗೆಳೆಯರಿಗೆ ಈ ಟಿಪ್ಪಣಿ. ಹಾಗಾಗಿ ಹಾರ್ಮೋನಿಯಂ ಲೆಕ್ಕದಲ್ಲೇ ಹೇಳುತ್ತೇನೆ.

ಪಿಯಾನೋದಲ್ಲಿ ನಡು ಸಿ ಅಂತಾರಲ್ಲ, ಅದು ನಮ್ಮ ಬಿಳಿ 1, ಅಂದರೆ ಹಾರ್ಮೋನಿಯಂನ ನಡು ಸ್ಥಾಯಿಯ ಮೊದಲ ಬಿಳಿ ಮನೆ. ಟೆನರ್ ಅಲ್ಲಿಂದ ಒಂದು ಸ್ಥಾಯಿ ಕೆಳಗೆ, ಒಂದು ಸ್ಥಾಯಿ ಮೇಲೆ ಹಾಡಬೇಕು. ಕೆಳಗಿನದು ಸಲೀಸು. ತಕರಾರು ಇರುವುದು ಆ ನಡು ಬಿಳಿ 1ರ ಪಕ್ಕದಲ್ಲೇ ಮೇಲಿರುವ ಬಿಳಿ 2ರಿಂದ ಬಿಳಿ 5ರ ನಡುವೆ, ಒಬ್ಬೊಬ್ಬರಿಗೆ ಒಂದು ಮನೆ ಆಚೀಚೆ. ದನಿ ಒಂದು ಬಗೆಯಿಂದ ಇನ್ನೊಂದಕ್ಕೆ ದಾಟುವ ಈ ಜಾಗಕ್ಕೆ ಪಾಸಾಜ್ಜೊ ಎನ್ನುತ್ತಾರೆ. ಕಪ್ಪು 1ರ ಶ್ರುತಿಯಲ್ಲಿ ಹಾಡುವವರಿಗೆ ಇದು ತಾರಸ್ಥಾಯಿಯ ರಿಷಭ, ಗಾಂಧಾರ, ಮಧ್ಯಮ. ಅಲ್ಲೇ ಅಲ್ವಾ ದನಿ ಕೈಕೊಡೋದು?

ಕಾರಣ ಗಂಟಲಿನ ಎರಡು ಸ್ನಾಯುಗಳ ಎಳೆದಾಟ. ಥೈರೋಅರಿಟಿನಾಯ್ಡ್ ಧ್ವನಿತಂತುವನ್ನು ಮೋಟು ಮಾಡಿ ದಪ್ಪಗಾಗಿಸುತ್ತದೆ, ಕ್ರೈಕೋಥೈರಾಯ್ಡ್ ಅದನ್ನೇ ಎಳೆದು ತೆಳುವಾಗಿಸುತ್ತದೆ. ಮೊದಲನೆಯದರ ಕೈ ಮೇಲಾದರೆ ಎದೆದನಿ, ಅಂದರೆ ಮಾತಾಡುವಾಗಿನಂಥ ತುಂಬು ದನಿ. ಎರಡನೆಯದೇ ಪೂರ್ತಿ ಗೆದ್ದರೆ ಫಾಲ್ಸೆಟ್ಟೊ: ತಂತುಗಳ ಅಂಚು ಮಾತ್ರ ಕಂಪಿಸುತ್ತದೆ, ಸಾಮಾನ್ಯವಾಗಿ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಗಾಳಿ ಸೋರುತ್ತದೆ. ನಮಗೆ ಬೇಕಾದದ್ದು ಇವೆರಡರ ನಡುವಿನ ಹದ.

ಮೈಕಿಲ್ಲದ ಭಜನೆಯ ಅಭ್ಯಾಸ ಏನು ಮಾಡಿಸುತ್ತದೆ ಅಂದರೆ, ಎದೆದನಿಯನ್ನೇ ಜೋರು ಮಾಡಿ ಮೇಲಕ್ಕೆ ಹೊತ್ತೊಯ್ಯುವಂತೆ ಮಾಡುತ್ತದೆ. ಗದ್ದ ಮೇಲೇಳುತ್ತದೆ, ಕತ್ತಿನ ನರ ಉಬ್ಬುತ್ತದೆ, ಬಿಳಿ 4 ದಾಟುತ್ತಿದ್ದಂತೆ ಟಪ್ ಅಂತ ದನಿ ಒಡೆಯುತ್ತದೆ. 1837ರಲ್ಲಿ ಪ್ಯಾರಿಸ್ಸಿನಲ್ಲಿ ಡುಪ್ರೆ ಎಂಬ ಟೆನರ್ ನಡು ಸಿಗಿಂತ ಒಂದು ಸ್ಥಾಯಿ ಮೇಲಿನ ಸಿ ಸ್ವರವನ್ನು ಎದೆದನಿಯ ಬಲದಲ್ಲೇ ಹಾಡಿ ಹೆಸರು ಮಾಡಿದ. ಅದಕ್ಕೂ ಮುಂಚೆ ಅಷ್ಟು ಎತ್ತರದಲ್ಲಿ ಟೆನರ್‌ಗಳು ಹಗುರ ದನಿಯನ್ನೇ ಬಳಸುತ್ತಿದ್ದರು. ಕಲಿಯುವವರು ಡುಪ್ರೆಗಿಂತ ಮುಂಚಿನವರ ದಾರಿ ಹಿಡಿಯುವುದೇ ವಾಸಿ ಅಂತ ನನ್ನ ಅಭಿಪ್ರಾಯ.

ದನಿ ಹಗುರ ಮಾಡುವುದನ್ನು ಬಿಳಿ 2ರಲ್ಲೇ ಶುರು ಮಾಡಿ. ಬಿಳಿ 5ಕ್ಕೆ ಬಂದ ಮೇಲೆ ಪ್ರಯತ್ನಿಸಿದರೆ ತಡವಾಯಿತು. ಮಕ್ಕಳು ಕಾರು ಓಡಿಸುವ ಹಾಗೆ ತುಟಿ ಬುರ್ ಅನ್ನಿಸುತ್ತಾ ಬಿಳಿ 1ರಿಂದ 6ರವರೆಗೆ ಜಾರಿ ಹೋಗಿ, ಜಾರಿ ಬನ್ನಿ. ಬುರ್ ನಿಂತರೆ ಉಸಿರು ಕಡಿಮೆಯಾಯಿತು, ಇಲ್ಲವೇ ಗಂಟಲು ಬಿಗಿಯಿತು ಅಂತ ಲೆಕ್ಕ. ಅದೇ ದಾರಿಯನ್ನು ಆಮೇಲೆ 'ಊ' ಅಂತ ಹಾಡಿ, ಕೊನೆಗೆ 'ಆ'. ಮೇಲೆ ಹೋದಂತೆ 'ಆ' ಸ್ವಲ್ಪ 'ಓ' ಕಡೆ ವಾಲಲಿ. ಹಾಡುವಾಗ ಹೆಬ್ಬೆರಳನ್ನು ಗದ್ದದ ಕೆಳಗಿನ ಮೆತ್ತನೆ ಭಾಗಕ್ಕೆ ಒತ್ತಿ ನೋಡಿ. ಅದು ಕಲ್ಲಾದರೆ ನಾಲಿಗೆಯ ಬುಡ ಕೆಳಗೆ ಒತ್ತುತ್ತಿದೆ. ನಿಲ್ಲಿಸಿ, ಎರಡು ಮನೆ ಇಳಿದು ಮತ್ತೆ ಶುರು ಮಾಡಿ.

ಇನ್ನು ಲೋಕಲ್ ಟ್ರೇನಿನ ಗದ್ದಲದಲ್ಲಿ ಮಾತಾಡುತ್ತಾ ರಿಹರ್ಸಲ್‌ಗೆ ಬರಬೇಡಿ. ಸುತ್ತ ಸದ್ದಿದ್ದರೆ ನಮಗೇ ಗೊತ್ತಾಗದ ಹಾಗೆ ದನಿ ಏರುತ್ತದೆ, ಹಾಡುವ ಮೊದಲೇ ಗಂಟಲು ದಣಿದಿರುತ್ತದೆ. ಪದೇಪದೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಡಿ, ಒಂದು ಗುಟುಕು ನೀರು ಕುಡಿಯಿರಿ. ದನಿ ಕಟ್ಟಿ ಮೂರು ವಾರವಾದರೂ ಬಿಡದಿದ್ದರೆ ಕಷಾಯ ಕುಡಿಯುತ್ತಾ ಕೂರದೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ.