ಈ ಚಳೀಲಿ ಎಸಿ ಯಾಕೆ?

ಡಿಸೆಂಬರಿನ ಒಂದು ದಿನ, ಬೆಳಗಿನ ಜಾವ ಐದೂವರೆ. ಅಮ್ಮನನ್ನು ಏರ್‌ಪೋರ್ಟಿಗೆ ಬಿಡಲು ಮಲ್ಲೇಶ್ವರದಿಂದ ಹೊರಟಿದ್ದೆವು. ಕಾರಿನಲ್ಲಿ ನಾನು, ಹೆಂಡತಿ, ಮಗಳು, ಅಮ್ಮ. ಚಳಿ ಅಂತ ಕಿಟಕಿಗಳನ್ನು ಪೂರ್ತಿ ಏರಿಸಿದ್ದೆವು. ಮೇಖ್ರಿ ಸರ್ಕಲ್ ಹತ್ತಿರ ಮುಂದಿನ ಗ್ಲಾಸಿನ ಅಂಚಿನಲ್ಲಿ ಮಬ್ಬು ಶುರುವಾಯಿತು. ಹೆಬ್ಬಾಳದ ಫ್ಲೈಓವರ್ ಹತ್ತುವಾಗ ಮುಂದಿದ್ದ ಲಾರಿಯ ಕೆಂಪು ದೀಪ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಕಾಣುತ್ತಿತ್ತು. ಎಸಿ ಬಟನ್ ಒತ್ತಿದೆ.

"ಅಯ್ಯೋ, ಈ ಚಳೀಲಿ ಎಸಿ ಯಾಕೋ? ಮಗೂಗೆ ನೆಗಡಿ ಆಗುತ್ತೆ, ಆಫ್ ಮಾಡು" ಅಂದರು ಅಮ್ಮ.

ಜೊತೆಗೆ ಹೀಟರನ್ನೂ ತಿರುಗಿಸಿದೆ. ಒಂದೆರಡು ನಿಮಿಷದಲ್ಲಿ ಗ್ಲಾಸ್ ತಿಳಿಯಾಯಿತು. ಆದರೆ ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರವನ್ನೂ ಕೊಡಬೇಕು, ಅಲ್ವಾ?

ಮೊದಲು ಆ ಮಬ್ಬು ಎಲ್ಲಿಂದ ಬಂತು ನೋಡೋಣ. ಒಬ್ಬ ಮನುಷ್ಯನ ಉಸಿರಿನಲ್ಲಿ ದಿನಕ್ಕೆ ಹೆಚ್ಚು ಕಡಿಮೆ 350 ಮಿಲಿಲೀಟರ್ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ನಾಲ್ಕು ಜನ ಸೇರಿದರೆ ನಿಮಿಷಕ್ಕೆ ಸುಮಾರು 1 ಗ್ರಾಂ. ಕಾರಿನೊಳಗೆ ಇರುವುದು ಅಂದಾಜು 3 ಘನ ಮೀಟರ್ ಗಾಳಿ. ಆ ಬೆಳಿಗ್ಗೆ ಹೊರಗೆ 15 ಡಿಗ್ರಿ ಇತ್ತು ಅಂದುಕೊಳ್ಳಿ. ಗ್ಲಾಸ್ ಕೂಡ ಅಷ್ಟೇ ತಣ್ಣಗಿರುತ್ತದೆ. 15 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳುವುದು ಹೆಚ್ಚೆಂದರೆ 12.8 ಗ್ರಾಂ ಆವಿ. ಇಡೀ ಕಾರಿಗೆ ಸುಮಾರು 38 ಗ್ರಾಂ. ಇಬ್ಬನಿ ಬೀಳುವ ಹೊತ್ತಿನಲ್ಲಿ ಗಾಳಿ ಮೊದಲೇ ಒದ್ದೆ. ನೂರಕ್ಕೆ 90 ಭಾಗ ತುಂಬಿದೆ ಅಂದರೆ, 34 ಗ್ರಾಂ ಆಗಲೇ ಇದೆ. ಉಳಿದ ಜಾಗ ಬರೀ 4 ಗ್ರಾಂ. ನಾವು ನಾಲ್ವರು ಸುಮ್ನೆ ಉಸಿರಾಡಿಕೊಂಡು ಕೂತರೂ ನಾಲ್ಕೇ ನಿಮಿಷ ಸಾಕು. ಆಮೇಲೆ ಗ್ಲಾಸಿಗೆ ತಾಗಿದ ಗಾಳಿ, ಹಿಡಿದಿಡಲಾಗದ ನೀರನ್ನು ಅಲ್ಲೇ ಬಿಡುತ್ತದೆ. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಚೊಂಬು ಬೆವರುತ್ತದಲ್ಲ, ಅದೇ ಇದು.

ಎಸಿ ಮಾಡುವುದು ಏನೆಂದರೆ, ಈ ಬೆವರುವ ಕೆಲಸವನ್ನು ಗ್ಲಾಸಿನಿಂದ ತಪ್ಪಿಸಿ ತಾನೇ ಮಾಡಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿಗಳ ಒಂದು ಜಾಲರಿ ಇದೆ. ಹೆಸರು ಇವಾಪೊರೇಟರ್. ಅದರೊಳಗೆ ದ್ರವವಾಗಿ ಬರುವ ಎಸಿಯ ಗ್ಯಾಸ್ ಕುದಿದು ಆವಿಯಾಗುವಾಗ ಜಾಲರಿ ಗ್ಲಾಸಿಗಿಂತ ಬಹಳ ತಣ್ಣಗಾಗುತ್ತದೆ. ಒದ್ದೆ ಗಾಳಿ ಅದರ ಮೂಲಕ ಹಾದಾಗ ನೀರು ಅಲ್ಲೇ ಇಳಿದು, ಪೈಪಿನಲ್ಲಿ ಹರಿದು ರಸ್ತೆಗೆ ತೊಟ್ಟಿಕ್ಕುತ್ತದೆ. ಏರ್‌ಪೋರ್ಟಿನಲ್ಲಿ ಇಳಿದಾಗ ಮಗಳು "ಅಪ್ಪಾ, ಕಾರು ಸೋರ್ತಿದೆ" ಅಂದಳು. ಸೋರುತ್ತಿದ್ದುದರಲ್ಲಿ ನಮ್ಮ ಉಸಿರೂ ಇತ್ತು ಅಂತ ಹೇಳಿದರೆ ನಂಬಲೇ ಇಲ್ಲ.

ಒಣಗಿದ ಗಾಳಿ ಮುಂದೆ ಹೀಟರ್ ದಾಟಿ ಬೆಚ್ಚಗಾಗಿ ಗ್ಲಾಸಿಗೆ ಬಡಿಯುತ್ತದೆ. ಜಾಲರಿಯಲ್ಲಿ 5 ಡಿಗ್ರಿಗೆ ತಣಿದ ಗಾಳಿಯಲ್ಲಿ ಘನ ಮೀಟರಿಗೆ 7 ಗ್ರಾಂ ಕೂಡ ಆವಿ ಇರುವುದಿಲ್ಲ. ಅದೇ ಗಾಳಿಯನ್ನು 25 ಡಿಗ್ರಿಗೆ ಕಾಯಿಸಿದರೆ 23 ಗ್ರಾಂವರೆಗೆ ಹಿಡಿಯಬಲ್ಲದು. ಅಂಥ ಬಾಯಾರಿದ ಗಾಳಿ ಗ್ಲಾಸಿನ ಮೇಲಿನ ನೀರನ್ನು ಹೀರಿಬಿಡುತ್ತದೆ. ಹೀಟರ್ ಒಂದರಿಂದಲೇ ಕೆಲಸ ಆಗಲ್ವಾ? ಆಗುತ್ತದೆ. ಆದರೆ ಪೆಟ್ರೋಲ್ ಕಾರಿನ ಹೀಟರಿಗೆ ಬಿಸಿ ಬರುವುದು ಎಂಜಿನ್ನಿನ ಬಿಸಿ ಹೊತ್ತೊಯ್ಯುವ ಕೂಲಂಟ್ ದ್ರವದಿಂದ, ಎಂಜಿನ್ ಬಿಸಿಯಾಗಲು ಕೆಲವು ನಿಮಿಷ ಬೇಕು. ಎಸಿ ಕಾಯುವುದಿಲ್ಲ.

ಅಂದಹಾಗೆ, ಎಸಿ ಹುಟ್ಟಿದ್ದೇ ತೇವದ ಜಗಳದಿಂದ. 1902ರಲ್ಲಿ ವಿಲಿಸ್ ಕ್ಯಾರಿಯರ್ ತಮ್ಮ ಯಂತ್ರವನ್ನು ರೂಪಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಪ್ರೆಸ್ಸಿಗಾಗಿ. ಅಲ್ಲಿ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಜನರಿಗೆ ತಂಪು ಕೊಡುವ ಮಾತು ಆಮೇಲೆ ಬಂದದ್ದು.

ಹಾಗಾದರೆ ನೀರು ಹೆಪ್ಪುಗಟ್ಟುವ ಚಳಿಯಲ್ಲಿ? ಲೇಹ್‌ನಲ್ಲಿ ಜನವರಿ ರಾತ್ರಿ ಮೈನಸ್ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಮಾಮೂಲು. ಅಲ್ಲಿ ಬಟನ್ ಒತ್ತಿದರೆ ದೀಪ ಹತ್ತಬಹುದು, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಮಾತ್ರ ಸಾಮಾನ್ಯವಾಗಿ ತಿರುಗುವುದಿಲ್ಲ. ಜಾಲರಿ ಸೊನ್ನೆಗಿಂತ ಕೆಳಗಿಳಿದರೆ ಅದರ ಮೇಲಿನ ನೀರು ಮಂಜುಗಡ್ಡೆಯಾಗಿ ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಅದಕ್ಕೇ ಸೆನ್ಸರ್ ಕಂಪ್ರೆಸರನ್ನು ನಿಲ್ಲಿಸುತ್ತದೆ. ಬಹಳಷ್ಟು ಕಾರುಗಳಲ್ಲಿ ಕೇಳಿಸುವ 'ಟಕ್' ಸದ್ದು ಕಂಪ್ರೆಸರಿನ ಕ್ಲಚ್ ಹೀಗೆ ಬಿಟ್ಟು ಹಿಡಿಯುವಾಗಿನದು. ಚಳಿ ಜಾಸ್ತಿಯಾದಷ್ಟೂ ಗ್ಯಾಸಿನ ಒತ್ತಡವೂ ಇಳಿಯುತ್ತದೆ. ಆಗ ಒತ್ತಡದ ಸ್ವಿಚ್ ಕೂಡ ಅಡ್ಡ ಬರುತ್ತದೆ.

ನನಗೆ ಇಲ್ಲಿ ತುಂಬಾ ಹಿಡಿಸಿದ ಸಂಗತಿ ಒಂದಿದೆ. ಅಂಥ ಚಳಿಯಲ್ಲಿ ಎಸಿ ಬೇಕಾಗುವುದೇ ಇಲ್ಲ. ಮೈನಸ್ 10ರ ಗಾಳಿ ಘನ ಮೀಟರಿಗೆ ಹೆಚ್ಚೆಂದರೆ 2.4 ಗ್ರಾಂ ಆವಿ ಹಿಡಿಯುತ್ತದೆ. ಹೊರಗಿನ ಆ ಗಾಳಿಯನ್ನು ಒಳಗೆ ತಂದು ಕಾಯಿಸಿದರೆ ಸಾಕು, ಅದಕ್ಕಿಂತ ಒಣ ಗಾಳಿ ಇಲ್ಲ. ಎಸಿ ನಿಜವಾಗಿ ಬೇಕಾಗುವ ಚಳಿ ನಮ್ಮದು: ತಣ್ಣಗೂ ಇರುವ, ಒದ್ದೆಯೂ ಇರುವ ಚಳಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿಯ 7.8 ಡಿಗ್ರಿ. ಇಲ್ಲಿ ಚಳಿಗೆ ಹೆದರಿ ಎಸಿ ನಿಲ್ಲುವ ದಿನ ಬಂದೇ ಇಲ್ಲ ಅನ್ನಬಹುದು.

ಕೆಲವರು ನವೆಂಬರಿನಲ್ಲಿ ಆಫ್ ಮಾಡಿದ ಎಸಿಯನ್ನು ಮಾರ್ಚಿನಲ್ಲೇ ಮುಟ್ಟುವುದು. ದಯವಿಟ್ಟು ಹಾಗೆ ಮಾಡಬೇಡಿ. ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತದೆ. ತಿಂಗಳುಗಟ್ಟಲೆ ಓಡಿಸದಿದ್ದರೆ ಸೀಲುಗಳು ಒಣಗಿ ಗ್ಯಾಸ್ ಸೋರಬಹುದು. ತಿಂಗಳಿಗೊಮ್ಮೆಯಾದರೂ ಹತ್ತು ನಿಮಿಷ ಓಡಿಸಿ.

ಇನ್ನು ಮಬ್ಬು ಕಂಡಾಗ ಮೊದಲು ನೋಡಬೇಕಾದ್ದು ಕಾರಿನೊಳಗೆ ಬಾಗಿದ ಬಾಣದ ಚಿತ್ರವಿರುವ ಬಟನ್. ಅದು ಆನ್ ಇದ್ದರೆ ಒಳಗಿನ ಗಾಳಿಯೇ ಸುತ್ತುತ್ತಿರುತ್ತದೆ. ಆಫ್ ಮಾಡಿ. ಗ್ಲಾಸ್ ತಿಳಿಯಾದ ತಕ್ಷಣ ಎಸಿ ನಿಲ್ಲಿಸಬೇಡಿ, ಜಾಲರಿಯ ಮೇಲೆ ಉಳಿದ ನೀರು ಮತ್ತೆ ಆವಿಯಾಗಿ ಗ್ಲಾಸಿಗೇ ಬರುತ್ತದೆ. ಬರಿಗೈಯಲ್ಲಿ ಒರೆಸಲೂ ಬೇಡಿ. ಕೈಯ ಜಿಡ್ಡು ಗ್ಲಾಸಿಗೆ ಅಂಟಿಕೊಂಡು, ರಾತ್ರಿ ಎದುರಿನ ಹೆಡ್‌ಲೈಟ್ ಅದರ ಮೇಲೆ ಗೀಚು ಗೀಚಾಗಿ ಹರಡುತ್ತದೆ.